ಎಲ್ಲಾ ವೈರೂ ಕೆಂಪು

ಕೀಲಿಯನ್ನು ಒಂದು ಹಂತ ತಿರುಗಿಸಿದರೆ ಜೀಪಿನ ಡ್ಯಾಶ್‌ಬೋರ್ಡಿನಲ್ಲಿ ದೀಪ ಹತ್ತುತ್ತಿತ್ತು. ಇನ್ನೊಂದು ಹಂತ ತಿರುಗಿಸಿದರೆ ಬಾನೆಟ್ಟಿನ ಒಳಗೆಲ್ಲೋ ಟಕ್ ಎಂದು ಸದ್ದಾಗಿ ದೀಪ ಆರಿಹೋಗುತ್ತಿತ್ತು. ಎಂಜಿನ್ ಅಲುಗುತ್ತಿರಲಿಲ್ಲ. ಕೀಲಿಯನ್ನು ಹಿಂದಕ್ಕೆ ತಂದರೆ ಏನೂ ಆಗಿಲ್ಲವೆಂಬಂತೆ ದೀಪ ಮತ್ತೆ ಹತ್ತುತ್ತಿತ್ತು.

ಇದನ್ನು ನಾನು ನಾಲ್ಕು ಭಾನುವಾರ ಮಾಡಿದೆ ಎಂದು ಬರೆಯಹೊರಟಿದ್ದೆ. ವೈನಿ, ಅಂದರೆ ಅಣ್ಣನ ಹೆಂಡತಿ, ಮೂರೇ ಅನ್ನುತ್ತಾಳೆ. ಮೂರು ಎಂದೇ ಇಟ್ಟುಕೊಳ್ಳುತ್ತೇನೆ. ಅವಳು ಆ ಮನೆಯಲ್ಲಿ ಇದ್ದವಳು, ನಾನು ಬಸ್ಸಿನಲ್ಲಿ ಬಂದು ಹೋಗುತ್ತಿದ್ದವನು.

ಜೀಪು ನನ್ನ ಅಣ್ಣನದು. ಅಣ್ಣ ಶಹಾಪುರದಲ್ಲಿ ಗಾಡಿಗಳ ವೈರಿಂಗ್ ರಿಪೇರಿಯ ಅಂಗಡಿ ಇಟ್ಟಿದ್ದ. ಮನೆ ಸಗರದಲ್ಲಿ. ನಾನು ಸುರಪುರದ ಹೈಸ್ಕೂಲಿನಲ್ಲಿ ವಿಜ್ಞಾನದ ಮಾಸ್ತರ. ಕರೆಂಟು ಹೇಗೆ ಹರಿಯುತ್ತದೆ ಎಂದು ವರ್ಷವರ್ಷವೂ ಕಪ್ಪು ಹಲಗೆಯ ಮೇಲೆ ಬರೆದು ತೋರಿಸುತ್ತೇನೆ. ಒಂದು ಸ್ಪ್ಯಾನರ್ ಹಿಡಿದು ನಟ್ಟು ಬಿಚ್ಚಿದವನಲ್ಲ.

ಆ ಭಾನುವಾರಗಳಿಗಿಂತ ಏಳು ತಿಂಗಳ ಹಿಂದೆ ಅಣ್ಣನಿಗೆ ಲಕ್ವಾ ಹೊಡೆದಿತ್ತು. ಬಲಗೈ, ಬಲಗಾಲು, ಮಾತು ಮೂರೂ ಹೋದವು. ಬಾಯಿಂದ 'ಹಾಂ' ಎಂಬ ಒಂದು ಸದ್ದು ಮಾತ್ರ ಬರುತ್ತಿತ್ತು. ಯಾದಗಿರಿಯ ಡಾಕ್ಟರು, ನಾವು ಹೇಳುವುದು ಅವನಿಗೆ ಎಷ್ಟು ತಿಳಿಯುತ್ತದೆ ಎಂಬುದನ್ನು ತಾವು ಖಚಿತವಾಗಿ ಹೇಳಲಾರೆವು, ಮನೆಯವರೇ ನೋಡಿಕೊಳ್ಳಬೇಕು ಎಂದರು. ಹೇಗೆ ನೋಡಿಕೊಳ್ಳಬೇಕು ಎಂದು ನಾನು ಕೇಳಲಿಲ್ಲ. ಹೊರಗೆ ಇನ್ನೂ ಹತ್ತು ಜನ ಕಾಯುತ್ತಿದ್ದರು.

ನಾವು ನಮಗೆ ತೋಚಿದಂತೆ ನೋಡಿಕೊಂಡೆವು. ನೀರು ಬೇಕೇನು ಎಂದರೆ ಹಾಂ. ಬ್ಯಾಡೇನು ಎಂದರೂ ಹಾಂ. ಒಂದು ದಿನ ನಾನು, "ಅಣ್ಣಾ, ನಾ ನಿನಗ ಮಾವ ಆಗಬೇಕಲ್ಲ?" ಎಂದು ಕೇಳಿದೆ. ಅವನು ನನ್ನ ಮುಖವನ್ನೇ ನೋಡಿ ಹಾಂ ಎಂದ.

ವೈನಿ ಬಾಯಿಗೆ ಸೆರಗು ಒತ್ತಿ ನಕ್ಕಳು. "ಚ್ಯಾಷ್ಟಿ ಮಾಡಾಕತ್ತಾರ ಅವರು. ನಿನಗ ತಿಳೀಲಿಲ್ಲ, ತಮ್ಮಾ."

ಅಣ್ಣ ಚ್ಯಾಷ್ಟಿಯ ಮನುಷ್ಯ ಎಂಬುದು ನಿಜ. ಲಕ್ವಾ ಬಡಿಯುವ ಮೊದಲು ಇದೇ ಪ್ರಶ್ನೆ ಕೇಳಿದ್ದರೂ ಹಾಂ ಎನ್ನುತ್ತಿದ್ದ. ಹೀಗಾಗಿ ಆ ಪರೀಕ್ಷೆಯಿಂದ ಏನೂ ಸಿದ್ಧವಾಗಲಿಲ್ಲ.

ಸಿದ್ಧವಾಗಲೇಬೇಕಾದ ಒತ್ತಡ ಅಂಗಡಿಯ ಕಡೆಯಿಂದ ಬಂತು. ಅಣ್ಣನ ಜೊತೆ ಇಪ್ಪತ್ತು ವರ್ಷ ಕೆಲಸ ಮಾಡಿದ ಶಹಾಪುರದವನೊಬ್ಬನಿದ್ದ. ಅಣ್ಣನಿಗಿಂತ ನಾಲ್ಕೈದು ವರ್ಷ ಚಿಕ್ಕವನು. ಮನೆಯಲ್ಲಿ ದಖನಿ ಉರ್ದು ಮಾತಾಡುವವನು, ಅಂಗಡಿಯಲ್ಲಿ ಕನ್ನಡ. ಎಲ್ಲರೂ ಅವನನ್ನು ಮಿಸ್ತ್ರಿ ಎನ್ನುತ್ತಿದ್ದರು, ಅವನು ಅಣ್ಣನನ್ನು ಉಸ್ತಾದ್ ಎನ್ನುತ್ತಿದ್ದ. ಒಂದು ಸಂಜೆ ಸಗರಕ್ಕೆ ಬಂದು ಕಟ್ಟೆಯ ಮೇಲೆ ಕೂತ.

"ಅಂಗಡಿ ಮಾಲಕ ಜಾಗಾ ಖಾಲಿ ಮಾಡ್ರಿ ಅನ್ನಾಕತ್ತಾನ, ಮಾಸ್ತರ. ಉಸ್ತಾದ್ ಬಂದು ಕುಂತ್ರ ಅಂದ್ರ ಅವನಿಗಿ ಬಾಯಿಲ್ಲ. ನಾ ದಿನಾ ಬಂದು ಕರಕೊಂಡು ಹೋಗ್ತೀನಿ. ಖುರ್ಚಿ ಮ್ಯಾಲ ಕುಂದ್ರಲಿ. ಎಡಗೈ ಅದ, ಬೆರಳು ತೋರಸಲಿ. ಕೈ ನಾ ಹಚ್ಚತೀನಿ."

"ತೋರಸ್ತಾನೇನು?"

"ಅದ ನೋಡ್ರಿ ಕೇಳಾಕ ಬಂದೀನಿ. ತಿಳೀತದ ಅಂದ್ರ ಕರಕೊಂಡು ಹೋಗ್ತೀನಿ. ತಿಳಿಯಂಗಿಲ್ಲಂದ್ರ, ಬಜಾರದಾಗ ಖುರ್ಚಿ ಮ್ಯಾಲ ಕುಂದ್ರಿಸಿ ಮಂದಿಗಿ ತೋರಸೂದು ನನ್ನ ಕೈಲಿ ಆಗಂಗಿಲ್ಲ."

ಅಣ್ಣ ಒಳಗೆ ಮಲಗಿದ್ದ. ಬಾಗಿಲು ತೆರೆದಿತ್ತು. ನಾವು ದನಿ ತಗ್ಗಿಸಲಿಲ್ಲ. ಆ ಏಳು ತಿಂಗಳಲ್ಲಿ ಆ ಮನೆಯಲ್ಲಿ ಯಾರೂ ದನಿ ತಗ್ಗಿಸಿದ್ದು ನನಗೆ ನೆನಪಿಲ್ಲ.

ಜೀಪಿನ ಯೋಚನೆ ಮಿಸ್ತ್ರಿಯದು. ಅಂಗಳದ ಬೇವಿನ ಮರದ ಕೆಳಗೆ ಅದು ನಿಂತಿತ್ತು, ಅಣ್ಣ ಮಲಗಿದ ಮೇಲೆ ಕೆಟ್ಟು ಚಾಲೂ ಆಗುತ್ತಿರಲಿಲ್ಲ. ಮಿಸ್ತ್ರಿ ಅತ್ತ ನೋಡಿ, ತಾನು ಅದನ್ನು ಮುಟ್ಟುವುದಿಲ್ಲ ಎಂದ. ತಾನು ಮುಟ್ಟಿದರೆ ತಾನೇ ದೋಷ ಹುಡುಕಿಬಿಡುತ್ತಾನೆ, ಆಗ ಉಸ್ತಾದ್‌ಗೆ ತಿಳಿಯುತ್ತದೋ ಇಲ್ಲವೋ ಗೊತ್ತಾಗುವುದಿಲ್ಲ.

"ನೀವ ಮಾಡ್ರಿ, ಮಾಸ್ತರ. ನಿಮಗ ಏನೂ ಬರಂಗಿಲ್ಲ. ಅದು ಛಲೋನ ಆತು. ಉಸ್ತಾದ್‌ನ ಸೀಟಿನ ಮ್ಯಾಲ ಕುಂದ್ರಸ್ರಿ, ಕೇಳ್ರಿ, ಅವರು ಎಲ್ಲಿ ತೋರಸ್ತಾರ ಅಲ್ಲಿ ಕೈ ಹಚ್ರಿ. ಗಾಡಿ ಚಾಲೂ ಆತಂದ್ರ ಅದು ಅವರದ ಕೆಲಸ. ನಿಮ್ಮದಂತೂ ಆಗಿರಂಗಿಲ್ಲ."

ವೈನಿ ಚಹಾ ತಂದಿಟ್ಟು ಇದನ್ನು ಕೇಳಿಸಿಕೊಂಡಳು. ಒಪ್ಪಿದಳೆಂದೇ ನಾನು ತಿಳಿದೆ. ಈಗ ಆ ಹೊತ್ತನ್ನು ಮತ್ತೆ ನೋಡಿದರೆ ಅವಳ ಮುಖ ಕಾಣುವುದಿಲ್ಲ, ಚಹಾದ ಲೋಟಗಳಷ್ಟೇ ಕಾಣುತ್ತವೆ.

ಹೊರಡುವಾಗ ಮಿಸ್ತ್ರಿ ಎರಡು ವಸ್ತು ಕೊಟ್ಟ. ಒಂದು, ಎರಡು ವೈರು ಜೋಡಿಸಿದ ಬಲ್ಬು; ಕರೆಂಟು ಇದ್ದಲ್ಲಿ ಹತ್ತುತ್ತದೆ. ಇನ್ನೊಂದು, ಅಂಗೈಯಷ್ಟು ದೊಡ್ಡ ಬ್ಯಾಟರಿ ಕಟ್‌ಆಫ್ ಸ್ವಿಚ್ಚು, ಅದರ ಜೊತೆಗೆ ದಪ್ಪ ಕೇಬಲ್ಲಿನ ಎರಡು ಗಿಡ್ಡ ತುಂಡು.

"ಕೀಲಿ ಬಂದ್ ಇದ್ದರೂ ಬ್ಯಾಟರಿ ಜೀವಂತ ಇರ್ತದ. ಇದನ್ನ ತಿರುವಿದ್ರ ಇಡೀ ಗಾಡಿ ಸತ್ತಂಗ. ಮೊದಲ ಇದನ್ನ ಹಾಕ್ರಿ, ಆಮ್ಯಾಲ ಒಳಗ ಕೈ ಹಾಕ್ರಿ. ಮತ್ತ ಒಂದ ಒಂದು ಮಾಡ್ರಿ, ಎರಡು ಕೂಡಿ ಮಾಡಬ್ಯಾಡ್ರಿ."

ಅದನ್ನು ನನಗೆ ಹೇಳಬೇಕಾಗಿರಲಿಲ್ಲ. ಒಂದು ಸಲಕ್ಕೆ ಒಂದನ್ನೇ ಬದಲಿಸು, ಏನಾಯಿತು ನೋಡು, ಬರೆದುಕೋ ಎಂದು ಹುಡುಗರಿಗೆ ನಾನೇ ಹೇಳಿಕೊಡುವುದು. ಆ ನಿಯಮಕ್ಕೆ ಅಂಟಿಕೊಂಡೇ ಕಟ್‌ಆಫನ್ನು ಪಕ್ಕಕ್ಕಿಟ್ಟೆ. ಕೆಟ್ಟ ಗಾಡಿಗೆ ಇನ್ನೊಂದು ಹೊಸ ಜೋಡಣೆ ಸೇರಿಸಿದರೆ ಗೊಂದಲ ಹೆಚ್ಚುತ್ತದೆ ಎಂದುಕೊಂಡೆ.

ಮೊದಲ ಭಾನುವಾರ ಡ್ಯಾಶ್‌ಬೋರ್ಡಿನ ತಗಡು ಬಿಚ್ಚಿದೆ. ಒಳಗೆ ಇದ್ದ ವೈರುಗಳೆಲ್ಲ ಕೆಂಪು.

ಅದು ಅಣ್ಣನ ಪದ್ಧತಿ. ಈ ಜೀಪನ್ನು ಅವನು ಸರಕಾರಿ ಹರಾಜಿನಲ್ಲಿ ತಂದಾಗ ಇಲಿ ಕಡಿದ ವೈರುಗಳನ್ನೆಲ್ಲ ಕಿತ್ತೆಸೆದು ಒಂದೇ ಸುರುಳಿಯ ಕೆಂಪು ವೈರಿನಿಂದ ಹೊಸದಾಗಿ ಕಟ್ಟಿದ್ದ. ನಮ್ಮ ಬಿಸಿಲು ಧೂಳಿಗೆ ಎರಡು ವರ್ಷದಲ್ಲಿ ಎಲ್ಲ ಬಣ್ಣವೂ ಒಂದೇ ಆಗುತ್ತದೆ, ಬಣ್ಣ ನಂಬಿದವನು ಕೆಡುತ್ತಾನೆ ಎನ್ನುತ್ತಿದ್ದ. ಬಣ್ಣದ ಬದಲು ದಾರದ ಗಂಟು. ಪ್ರತಿ ವೈರಿನ ತುದಿಗೆ ಹೊಲಿಗೆ ದಾರ ಸುತ್ತಿ ಒಂದು, ಎರಡು, ಮೂರು ಎಂದು ಗಂಟು ಹಾಕುತ್ತಿದ್ದ. ಡ್ಯಾಶ್‌ಬೋರ್ಡಿನ ಕೆಳಗೆ ಅಂಗಾತ ಮಲಗಿ, ನೋಡದೆಯೇ ಬೆರಳಿನಿಂದ ಗಂಟು ಎಣಿಸಿ ಇದು ಸ್ಟಾರ್ಟರಿಗೆ, ಇದು ಕಾಯಿಲ್‌ಗೆ ಎಂದು ಹೇಳುತ್ತಿದ್ದ. ಕೊಂಕಲ್‌ನಿಂದ ಬರುತ್ತಿದ್ದ ಟ್ರ್ಯಾಕ್ಟರುಗಳಿಗೂ ಹೀಗೇ ಮಾಡಿದ್ದ. ಎಷ್ಟು ಗಂಟಿಗೆ ಯಾವ ವೈರು ಎಂಬ ಪಟ್ಟಿ ಎಲ್ಲಿಯೂ ಇರಲಿಲ್ಲ. ಮಿಸ್ತ್ರಿಗೆ ಗೊತ್ತಿತ್ತು, ಆದರೆ ಅವನನ್ನು ಕೇಳುವಂತಿರಲಿಲ್ಲ. ಉಳಿದದ್ದು ಅಣ್ಣನ ತಲೆ.

ನಾನೂ ವೈನಿಯೂ ಅಣ್ಣನನ್ನು ಎತ್ತಿ ತಂದು ಡ್ರೈವರ್ ಸೀಟಿನಲ್ಲಿ ಕೂಡಿಸಿದೆವು. ಬಲಕ್ಕೆ ವಾಲುತ್ತಿದ್ದನಾದ್ದರಿಂದ ವೈನಿ ಒಂದು ಉದ್ದನೆಯ ಟವಲಿನಿಂದ ಅವನ ಎದೆಯನ್ನು ಸೀಟಿಗೆ ಕಟ್ಟಿದಳು. ಕೂತ ತಕ್ಷಣ ಎಡಗೈ ಸ್ಟೇರಿಂಗಿನ ಮೇಲೆ ಹೋಯಿತು. ನನಗೆ ಭರವಸೆ ಬಂದದ್ದು ಆಗ. ಬಂದದ್ದು ಒಂದೇ ಸಲ.

"ಇದೇನಣ್ಣಾ? ಎರಡು ಗಂಟಿಂದು?"

"ಹಾಂ."

"ಇದು? ಮೂರು ಗಂಟಿಂದು?"

"ಹಾಂ."

ಎಂಟು ವೈರು, ಎಂಟು ಹಾಂ. ಆಮೇಲೆ ಅಣ್ಣ ಎಡಗೈಯನ್ನು ಸ್ಟೇರಿಂಗಿನಿಂದ ಎತ್ತಿ ಗಾಜಿನಾಚೆ, ಬಾನೆಟ್ಟಿನಾಚೆ, ಜೀಪಿನ ಮೂತಿಯ ಬಲಗಡೆಗೆ ಬೆರಳು ಚಾಚಿದ. ಚಾಚಿಯೇ ಇದ್ದ.

ನಾನು ಆ ಕಡೆ ನೋಡಿದೆ. ಬಂಪರು, ಅದರಾಚೆ ಗೋಡೆ, ಗೋಡೆಯ ಮೇಲೆ ಒಣಹಾಕಿದ ಬಟ್ಟೆ.

"ನಾಳಿ ಅಮಾಸಿ," ಎಂದಳು ವೈನಿ. "ಕಾಯಿ ಒಡಿ ಅನ್ನಾಕತ್ತಾರ."

ಅಮಾವಾಸ್ಯೆಗೆ ಗಾಡಿ ತೊಳೆದು, ನಿಂಬೆಹಣ್ಣು ಕಟ್ಟಿ, ಕಾಯಿ ಒಡೆಯುವುದು ನಮ್ಮ ಕಡೆ ಗಾಡಿ ಇದ್ದವರೆಲ್ಲ ಮಾಡುವ ಕೆಲಸ. ಅಣ್ಣ ಮಲಗಿದ ಮೇಲೆ ವೈನಿ ಒಂದು ಅಮಾವಾಸ್ಯೆಯನ್ನೂ ಬಿಟ್ಟಿರಲಿಲ್ಲ. ಗಾಡಿಗೆ ಪೂಜೆ ನಿಂತರೆ ಅವನಿಗೂ ಏನೋ ನಿಲ್ಲುತ್ತದೆ ಎಂದು ಅವಳಿಗೆ ಭಯ. ಬಂಪರಿನ ಹಿಂದೆ, ಬಲಗಡೆಗೆ, ಅಡಿಚೌಕಟ್ಟಾದ ಚಾಸಿಯ ಕಬ್ಬಿಣದ ತುದಿ ಹೊರಚಾಚಿದೆ. ಗಟ್ಟಿ ಜಾಗ, ಕಾಯಿ ಒಂದೇ ಏಟಿಗೆ ಒಡೆಯುತ್ತದೆ. ಅದರ ಮೇಲೆ ಅರಿಷಿಣ ಕುಂಕುಮ ಹೆಪ್ಪುಗಟ್ಟಿತ್ತು. ಅವಳು ನಾಳೆಯವರೆಗೆ ಕಾಯದೆ ಒಳಗಿನಿಂದ ಕಾಯಿ ತಂದು, ಅವನು ನೋಡುತ್ತಿದ್ದಂತೆಯೇ ಅಲ್ಲಿ ಒಡೆದಳು. ನೀರು ಚಾಸಿಯ ಒಳಗೋಡೆಗುಂಟ ಇಳಿಯಿತು.

"ಆತೇನ್ರಿ?" ಎಂದು ಅವನನ್ನು ಕೇಳಿದಳು.

ಈ ಸಲ ಹಾಂ ಬರಲಿಲ್ಲ. ಕೈ ಕೆಳಗೆ ಬಿತ್ತು. ಕಣ್ಣಲ್ಲಿ ನೀರಿತ್ತು, ಆದರೆ ಲಕ್ವಾ ಆದಾಗಿನಿಂದ ಆ ಬಲಗಣ್ಣು ಸದಾ ಸೋರುತ್ತಿತ್ತು. ಅದನ್ನು ಲೆಕ್ಕಕ್ಕೆ ಹಿಡಿಯುವಂತಿಲ್ಲ.

ಎರಡನೆಯ ಭಾನುವಾರ ಬಲ್ಬು ಹಿಡಿದು ಒಂದೊಂದೇ ವೈರು ನೋಡುತ್ತಾ ಹೋದೆ. ನೋಟ್‌ಬುಕ್ಕಿನಲ್ಲಿ ಬರೆದೆ. ಮೂರು ಗಂಟಿನದು ಸ್ಟಾರ್ಟರಿಗೆ ಹೋಗುವುದೆಂದೂ, ಒಂದು ಗಂಟಿನದು ಬ್ಯಾಟರಿಯಿಂದ ಕೀಲಿ ಸ್ವಿಚ್ಚಿಗೆ ಕರೆಂಟು ತರುವುದೆಂದೂ ಕಂಡುಕೊಂಡೆ. ಆ ಒಂದು ಗಂಟಿನ ವೈರಿನ ನಡುವೆ, ಅಣ್ಣ ಕಟ್ಟಿದ ಮೇಲೆ ಮತ್ತೆ ಇಲಿ ಕಡಿದ ಜಾಗವೊಂದಿತ್ತು, ಎಂದೋ ಟೇಪು ಸುತ್ತಿದ್ದು. ಮಧ್ಯಾಹ್ನದವರೆಗೂ ಅಣ್ಣನನ್ನು ಕೇಳುತ್ತಲೇ ಇದ್ದೆ. ಬಿಸಿಲೇರಿದ ಮೇಲೆ ಅವನು ಮತ್ತೆ ಅದೇ ಕಡೆ ಕೈ ಚಾಚಿದ. ವೈನಿ, ಇವತ್ತು ಅಮಾಸಿ ಅಲ್ರಿ, ಸೋಮವಾರನ ಮುಗೀತು ಎಂದು ಅವನಿಗೆ ಸಮಾಧಾನ ಹೇಳಿ, ಆದರೂ ಇರಲಿ ಎಂದು ಅಲ್ಲಿಗೆ ಒಂದು ಚೊಂಬು ನೀರು ಹಾಕಿ, ಊದುಬತ್ತಿ ಹಚ್ಚಿ ಬಂದಳು.

ಇದನ್ನು ಬರೆಯುವಾಗ ನನಗೆ ಕಾಣುವುದು, ಇಬ್ಬರು ಬುದ್ಧಿವಂತರು ಒಂದು ಬೆರಳಿನ ತುದಿಯಿಂದ ಹೊರಟ ಗೆರೆ ಎಲ್ಲಿ ಮುಟ್ಟುತ್ತದೆ ಎಂದು ನೋಡದೇ ಇದ್ದದ್ದು. ಆದರೆ ಹೀಗೆ ಬರೆದರೆ ಉತ್ತರ ಆಗಲೇ ಗೊತ್ತಿದ್ದಂತೆ ಆಗುತ್ತದೆ. ಗೊತ್ತಿರಲಿಲ್ಲ. ಈಗಲೂ ಗೊತ್ತಿಲ್ಲ.

ಮೂರನೆಯ ಭಾನುವಾರ ಒಂದು ಗಂಟಿನ ವೈರಿನ ಟೇಪನ್ನು ಬಿಚ್ಚಿ ನೋಡುತ್ತಿದ್ದಾಗ ಅದರ ಬರಿಯ ತಂತಿ ಡ್ಯಾಶ್‌ಬೋರ್ಡಿನ ತಗಡಿಗೆ ತಾಗಿತು. ಚಟ್ ಎಂದಿತು. ವೈರು ಕ್ಷಣದಲ್ಲಿ ಕೆಂಪಗೆ ಕಾದು, ಅದರ ಮೇಲಿನ ಪ್ಲಾಸ್ಟಿಕ್ಕು ಹೊಗೆಯಾಡತೊಡಗಿತು. ಹೊಗೆ ಅಣ್ಣನ ಮೊಣಕಾಲಿನ ಮೇಲಿನಿಂದ ಮುಖಕ್ಕೆ ಏರಿತು. ಅವನು ಕೆಮ್ಮಿದ. ಟವಲಿನ ಗಂಟು ಬಿಚ್ಚಲು ಹೋದೆ, ನನ್ನ ಬೆರಳುಗಳಿಗೆ ಬಿಚ್ಚಲಾಗಲಿಲ್ಲ. ಬ್ಯಾಟರಿ ಕೀಳಬೇಕೋ ಅವನನ್ನು ಎಳೆಯಬೇಕೋ ತೋಚಲಿಲ್ಲ. ವೈನಿ ಕುಡುಗೋಲು ಹಿಡಿದು ಓಡಿ ಬಂದು, ಸೀಟಿನ ಹಿಂದಿನಿಂದ ಟವಲನ್ನು ಕೊಯ್ದಳು. ಇಬ್ಬರೂ ಸೇರಿ ಅವನನ್ನು ಹೊರಗೆಳೆದು ಹೊರಸಿನ ಮೇಲೆ ಹಾಕಿದೆವು. ಅಷ್ಟರಲ್ಲಿ ವೈರು ತಾನೇ ಸುಟ್ಟು ತುಂಡಾಗಿ, ಹೊಗೆ ನಿಂತಿತ್ತು.

"ನಿನ್ನ ಪರೀಕ್ಷಾ ಮುಗೀತೇನು?" ಎಂದಳು ವೈನಿ. ಕುಡುಗೋಲು ಕೈಯಲ್ಲೇ ಇತ್ತು. "ಮನಶ್ಯಾನ್ನ ಗಾಡಿಗಿ ಕಟ್ಟಿ ಸುಡಾಕ ಬಂದಿದ್ದಿ ನೀ."

"ಇನ್ನೊಂದ ಸಲ, ವೈನಿ."

"ತಿಳಿದ್ರ ತಿಳೀಲಿ, ತಿಳೀದಿದ್ರ ಬಿಡಲಿ. ಅದನ್ನ ತಗೊಂಡು ಏನ್ ಮಾಡಾವ?"

ಆ ಮಾತನ್ನು ನಾನು ಹೆದರಿಕೆಯ ಮಾತೆಂದು ತಿಳಿದೆ.

ಕಟ್‌ಆಫನ್ನು ಮೊದಲೇ ಹಾಕಿದ್ದರೆ ಇದು ಆಗುತ್ತಿರಲಿಲ್ಲ. ನಾಚಿಕೆಯಿಂದ, ಇನ್ನು ಒಂದು ಗಳಿಗೆಯೂ ತಡಮಾಡಬಾರದೆಂದು, ಆ ಮಧ್ಯಾಹ್ನವೇ ಹಾಕಲು ಕೂತೆ. ಬ್ಯಾಟರಿಯ ಮೈನಸ್ ತುದಿಯಿಂದ ಹೊರಟ ಕಪ್ಪು ಕೇಬಲ್ಲು ಜೀಪಿನ ಕಬ್ಬಿಣಕ್ಕೆ ಒಂದು ಬೋಲ್ಟಿನಿಂದ ಕೂಡಿಕೊಂಡಿರುತ್ತದೆ. ಇದನ್ನೇ ಅರ್ತಿಂಗ್ ಎನ್ನುವುದು. ಕರೆಂಟು ವೈರುಗುಂಟ ಹೋಗಿ, ಕಬ್ಬಿಣದ ಮೈಗುಂಟ ವಾಪಸು ಬಂದು, ಈ ಬೋಲ್ಟಿನ ಮೂಲಕ ಬ್ಯಾಟರಿ ಸೇರಬೇಕು. ಈ ದಾರಿಯ ನಡುವೆ ಕಟ್‌ಆಫ್ ಕೂರಿಸಬೇಕಿತ್ತು. ಹಳೆಯ ಕೇಬಲ್ಲನ್ನು ಬಿಚ್ಚಲು ಬಹಳ ಒದ್ದಾಡಿದೆ. ಬೋಲ್ಟು ಕಚ್ಚಿಕೊಂಡಿತ್ತು. ಸ್ಪ್ಯಾನರಿನ ಮೇಲೆ ಕಲ್ಲಿನಿಂದ ಹೊಡೆದು, ಕೊನೆಗೆ ತಿರುಚಿ ಕಿತ್ತೆ. ಹಸಿರು ಬಿಳಿ ಹಿಟ್ಟಿನಂಥದು ಉದುರಿತು, ನೆಲಕ್ಕೆ ಬಿತ್ತು, ಕಾಲಲ್ಲಿ ಸರಿಸಿದೆ. ಕಟ್‌ಆಫನ್ನು ಸೀಟಿನ ಕೆಳಗೆ, ಕೈಗೆ ಸಿಗುವಂತೆ ಕೂರಿಸಿದೆ. ಮಿಸ್ತ್ರಿ ಕೊಟ್ಟ ಗಿಡ್ಡ ಕೇಬಲ್ಲು ಅಲ್ಲಿಂದ ಹಳೆಯ ಬೋಲ್ಟಿನವರೆಗೆ ಮುಟ್ಟಲಿಲ್ಲ. ಹತ್ತಿರದಲ್ಲಿ ಚಾಸಿಗೇ ಇದ್ದ ಇನ್ನೊಂದು ಬೋಲ್ಟನ್ನು ಬಿಚ್ಚಿ, ಒಳ್ಳೆ ಬಿಗಿಯಾಗಿ ಅಲ್ಲಿಗೆ ಕಟ್ಟಿದೆ. ಸುಟ್ಟ ಒಂದು ಗಂಟಿನ ವೈರಿನ ಬದಲಿಗೆ ಹೊಸ ತುಂಡು ಹಾಕಿ, ಹೊಸೆದು, ಟೇಪು ಸುತ್ತಿದೆ.

ಕಟ್‌ಆಫನ್ನು ಚಾಲೂ ಕಡೆಗೆ ತಿರುವಿದೆ. ಕೀಲಿ ಒಂದು ಹಂತ, ದೀಪ. ಇನ್ನೊಂದು ಹಂತ.

ಜೀಪು ಚಾಲೂ ಆಯಿತು.

ಬೇವಿನ ಮರದ ಕಾಗೆಗಳೆಲ್ಲ ಹಾರಿದವು. ಹೊರಸಿನ ಮೇಲೆ ಅಣ್ಣ ತಲೆ ಎತ್ತಿದ. ನಾನು ಮಿಸ್ತ್ರಿಗೆ ಫೋನು ಮಾಡಿದಾಗ ಮಾತಾಡದೆ ಫೋನನ್ನು ಎಂಜಿನ್ನಿನ ಕಡೆ ಹಿಡಿದೆ. ನನ್ನ ಜೀವನದಲ್ಲಿ ಅಷ್ಟು ಮೂರ್ಖನಾಗಿ ಸಂತೋಷಪಟ್ಟದ್ದು ಕಡಿಮೆ.

ಮಿಸ್ತ್ರಿ ಶಹಾಪುರದಿಂದ ಬೈಕಿನಲ್ಲಿ ಬಂದವನು, ಮೊದಲು ಅಣ್ಣನನ್ನು ಎತ್ತಿ ಡ್ರೈವರ್ ಸೀಟಿನಲ್ಲಿ ಕೂಡಿಸಿದ. ಆಮೇಲೆ ನನ್ನನ್ನು ಕೇಳಿದ.

"ಏನು ಮಾಡಿದ ಮ್ಯಾಲ ಚಾಲೂ ಆತು?"

ಹೇಳಿದೆ. ಕೀಲಿಯ ವೈರು ಹೊಸದು ಹಾಕಿದೆ. ಹಳೆ ಅರ್ತಿಂಗ್ ಕಿತ್ತೆ, ಬೇರೆ ಬೋಲ್ಟಿಗೆ ಕಟ್ಟಿದೆ. ಕಟ್‌ಆಫ್ ಹಾಕಿದೆ.

"ಒಂದಾದ ಮ್ಯಾಲ ಒಂದು ಕೀಲಿ ತಿರುವಿ ನೋಡಿದ್ರೇನು?"

"ಇಲ್ಲ. ಎಲ್ಲಾ ಆದ ಮ್ಯಾಲ."

ಅವನು ಬಗ್ಗಿ ನೋಡಿದ. ಎದ್ದು ನಿಂತ. "ನೀವು ಸೈನ್ಸ್ ಮಾಸ್ತರ ಹೌದಲ್ರಿ?"

ನಾನು ಸ್ಪ್ಯಾನರನ್ನು ನೆಲಕ್ಕಿಟ್ಟೆ.

"ಮತ್ತ ಉಸ್ತಾದ್ ಎಲ್ಲಿ ತೋರಿಸಿದ್ರು?"

ಜೀಪಿನ ಬಲಮೂತಿಯ ಕಡೆ ಕೈ ಮಾಡಿ ತೋರಿಸಿದೆ. ಮಿಸ್ತ್ರಿ ಅಲ್ಲಿಗೆ ಹೋಗಿ ಕೂತ. ಚಾಸಿಯ ತುದಿಯನ್ನು ಉಗುರಿನಿಂದ ಕೆರೆದ, ಬೆರಳು ಮೂಸಿದ, ಬೆರಳನ್ನು ಚಾಸಿಗುಂಟ ಹಿಂದಕ್ಕೆ ಎಳೆಯುತ್ತಾ ಹೋದ. ಬೆರಳು ನಾನು ಕಿತ್ತ ಹಳೆಯ ಬೋಲ್ಟಿನ ತೂತಿಗೆ ಬಂದು ನಿಂತಿತು.

"ಭಾಬೀ, ಕಾಯಿ ಎಲ್ಲಿ ಒಡೀತೀರಿ?"

"ಅಲ್ಲೇ," ಎಂದಳು ವೈನಿ. "ನಿನ್ನ ಕೈಯಾಗ ಇದ್ದಲ್ಲೇ."

"ಉಸ್ತಾದ್ ಎಲ್ಲಿ ಒಡೀತಿದ್ರು?"

ವೈನಿ ಮುಂದಿನ ಗಾಲಿಯ ಕಡೆ ನೋಡಿದಳು. "ಗಾಲಿ ಮುಂದ. ಕಲ್ಲ ಮ್ಯಾಲ."

ಗಾಡಿಯ ಮೈಮೇಲೆ ಕಾಯಿ ಒಡೆಯಬೇಡಿ, ನೀರು ಅರ್ತಿಂಗಿಗೆ ಇಳಿಯುತ್ತದೆ ಎಂದು ಅಣ್ಣ ಗಿರಾಕಿಗಳನ್ನು ಬೈಯುತ್ತಿದ್ದ. ಹಾಗೆಂದು ನನಗೆ ಆ ಕ್ಷಣ ನೆನಪಾಯಿತು. ಅವನ ದನಿಯೂ ಕೇಳಿಸಿತು. ಆದರೆ ಈ ನೆನಪು ಆ ತೂತನ್ನು ನೋಡುವ ಮೊದಲು ನನ್ನಲ್ಲಿ ಇತ್ತೇ? ಇದ್ದಿದ್ದರೆ ಮೊದಲ ಭಾನುವಾರವೇ ಯಾಕೆ ಬರಲಿಲ್ಲ? ಮಿಸ್ತ್ರಿಯನ್ನು ಆಮೇಲೆ ಕೇಳಿದ್ದೇನೆ. ಬೈದಿರಬೇಕು, ಎಲ್ಲಾದಕ್ಕೂ ಬೈತಿದ್ರು ಎಂದ.

ಏಳು ತಿಂಗಳು ಅಣ್ಣನಿಗಾಗಿ ಒಡೆದ ಕಾಯಿಯ ನೀರು ಅವನ ಜೀಪನ್ನು ಕೆಡಿಸಿತ್ತು. ಅವನು ಅದನ್ನೇ ತೋರಿಸಿದ್ದ. ನಾವು ಅವನ ಕಣ್ಣೆದುರಿಗೇ ಇನ್ನೊಂದು ಒಡೆದೆವು. ಹೀಗೆ ಹೇಳಿದರೆ ಎಲ್ಲವೂ ಕೂಡಿಕೊಳ್ಳುತ್ತದೆ. ಮಿಸ್ತ್ರಿಯ ಮುಖದಲ್ಲಿ ಇದು ಕೂಡಿಕೊಳ್ಳುವುದನ್ನೂ, ಹಿಂದೆಯೇ ಬಿಚ್ಚಿಕೊಳ್ಳುವುದನ್ನೂ ಕಂಡೆ.

"ಇಲ್ಲಂದ್ರ ನೀವು ಹೊಸದು ಹಾಕಿದ ಆ ವೈರು," ಎಂದ. "ಇಲಿ ಕಡದಿದ್ದು. ಅದು ಸಡಿಲಾದ್ರೂ ಹಿಂಗ. ದೀಪ ಹತ್ತತದ, ಟಕ್ ಅಂತದ, ಆರತದ. ಎರಡೂ ಒಂದ ನಮೂನಿ."

ಕಟ್‌ಆಫ್ ಬಂದ್ ಮಾಡಿ, ಉದ್ದನೆಯ ಕೇಬಲ್ಲು ತಂದು ಅರ್ತಿಂಗನ್ನು ಹಳೆಯ ಬೋಲ್ಟಿಗೇ ಮರಳಿ ಕಟ್ಟಿ ನೋಡಿದ. ಜೀಪು ಚಾಲೂ ಆಯಿತು. ಆಗಲೇಬೇಕಿತ್ತು, ಕೀಳುವಾಗ ನಾನೇ ಆ ಜಾಗವನ್ನು ಕೆರೆದು ಹೊಳೆಯುವಂತೆ ಮಾಡಿದ್ದೆ. ತುಕ್ಕನ್ನು ಮತ್ತೆ ಹಚ್ಚಲು ಬರುವುದಿಲ್ಲ. ಸುಟ್ಟ ವೈರನ್ನು ಮತ್ತೆ ಇಲಿ ಕಡಿದ ವೈರಾಗಿಸಲು ಬರುವುದಿಲ್ಲ. ಅಣ್ಣ ತೋರಿಸಿದ್ದಕ್ಕೆ ನಾನು ಮಾಡಿದೆ ಎನ್ನುವಂತೆಯೂ ಇರಲಿಲ್ಲ. ಆ ಬೋಲ್ಟನ್ನು ನಾನು ಬಿಚ್ಚಿದ್ದು ಕಟ್‌ಆಫಿಗಾಗಿ. ಬೇರೆ ಬೋಲ್ಟು ಹಿಡಿದದ್ದು ಕೇಬಲ್ಲು ಗಿಡ್ಡವಾಗಿದ್ದಕ್ಕೆ.

ಅಣ್ಣ ಸ್ಟೇರಿಂಗಿನ ಮೇಲೆ ಎಡಗೈ ಇಟ್ಟು ಕೂತಿದ್ದ. ಎಂಜಿನ್ನಿನ ನಡುಕಕ್ಕೆ ಅವನ ಕೆನ್ನೆ ನಡುಗುತ್ತಿತ್ತು. ಮಿಸ್ತ್ರಿ ಕೈ ಒರೆಸಿಕೊಳ್ಳುತ್ತಾ ಅವನ ಪಕ್ಕ ಹೋಗಿ ನಿಂತ.

ವೈನಿ ನನ್ನನ್ನು ಬಾನೆಟ್ಟಿನ ಬಳಿಗೆ ಕರೆದಳು.

"ತಮ್ಮಾ. ಖರೇ ಹೇಳು. ಅವರಿಗಿ ತಿಳೀತದೇನು?"

"ಯಾಕ, ವೈನಿ?"

ಅವಳು ಜೀಪಿನ ಕಡೆ ನೋಡಲಿಲ್ಲ. "ಹ್ವಾದ ತಿಂಗಳ ನಮ್ಮ ಅಕ್ಕ ಬಂದಿದ್ದಳು. ಅವರಿಗಿ ಉಣಸಾಕತ್ತಿದ್ದೆ. ಅಕ್ಕಗ ಅಂದೆ, ಅವತ್ತ ಜೀವ ಹೋಗಿದ್ರ ಅವರೂ ಪಾರಾಗ್ತಿದ್ರು, ನಾನೂ ಪಾರಾಗ್ತಿದ್ದೆ ಅಂತ. ಅವರ ಬಾಯಾಗ ತುತ್ತ ಇಡಕೋತನ ಅಂದೆ. ಅವರು ನುಂಗಿದ್ರು."

ಕಾಯುತ್ತಾ ನಿಂತಳು. ಏಳು ತಿಂಗಳು ಅವನ ಮಲಮೂತ್ರ ಬಳಿದವಳು, ದಿನಕ್ಕೆ ಮೂರು ಸಲ ತುತ್ತು ಇಟ್ಟವಳು, ಒಂದು ಸಲ ಒಂದು ಮಾತು ಆಡಿದ್ದಳು.

ತಿಳಿಯುತ್ತದೆ ಎಂದರೆ ಅಂಗಡಿ ಉಳಿಯುತ್ತಿತ್ತು. ಅವನು ನಾಳೆಯಿಂದ ಖುರ್ಚಿಯ ಮೇಲೆ ಕೂರುತ್ತಿದ್ದ. ತಿಳಿಯುವುದಿಲ್ಲ ಎಂದರೆ ಅವಳು ಉಳಿಯುತ್ತಿದ್ದಳು. ಹೀಗೆ ತೂಗಿ ನೋಡಿದೆನೆಂದು ಬರೆದರೆ ಅದು ನನಗೆ ಅನುಕೂಲದ ಸುಳ್ಳು. ನಾನು ತೂಗಲಿಲ್ಲ. ನನ್ನೆದುರಿಗೆ ಅವಳ ಮುಖವಿತ್ತು.

"ಇಲ್ಲ, ವೈನಿ," ಎಂದೆ. "ಅವಗ ಏನೂ ತಿಳಿಯಂಗಿಲ್ಲ. ಕೈ ಸುಮ್ಮನ ಎತ್ತತಾನ. ಹಸುಗೂಸು ಎತ್ತಿದಂಗ."

ಅವಳು ಅಲ್ಲೇ ನೆಲಕ್ಕೆ ಕೂತು ಅತ್ತಳು. ಹಗುರಾಗಿ ಅತ್ತಳೋ ಇನ್ನೇನೋ, ಅದನ್ನು ನಾನು ಓದಲಾರೆ. ಮಿಸ್ತ್ರಿ ನನ್ನ ಕಡೆ ತಿರುಗಿ ನೋಡುತ್ತಿದ್ದ. ಅವನಿಗೂ ಕೇಳಿಸಿತ್ತು. "ಮಾಸ್ತರ ನೀವ ಹೇಳಿದ್ರಿ ಅಂದ್ರ ಮುಗೀತು," ಎಂದು ಬೈಕು ಹತ್ತಿದ. ಅದೇ ವಾರ ಅಂಗಡಿ ಖಾಲಿಯಾಯಿತು. ಅವನು ಈಗ ಕಡೇಚೂರಿನ ಕಡೆ, ಫ್ಯಾಕ್ಟರಿಗಳಿಗೆ ಬರುವ ಲಾರಿಗಳ ವೈರಿಂಗ್ ನೋಡುತ್ತಾನೆ.

ಇನ್ನೊಮ್ಮೆ ಪರೀಕ್ಷೆ ಮಾಡಬಹುದಿತ್ತು. ಬೇಕೆಂದೇ ಒಂದು ವೈರು ಬಿಚ್ಚಿ, ಅಣ್ಣನನ್ನು ಕೂಡಿಸಿ, ಕೇಳಬಹುದಿತ್ತು. ಎರಡು ವಾರದ ನಂತರ ಯಾರಿಗೂ ಹೇಳದೆ ನಾನು ಅದನ್ನೂ ಮಾಡಿದೆ. ಅವನು ಎಡಗೈ ಎತ್ತಲಿಲ್ಲ. ನಾನು ಆ ಮಾತು ಆಡಿದ ಭಾನುವಾರದಿಂದ ಈಚೆಗೆ ಅವನು ಯಾವುದರ ಕಡೆಗೂ ಬೆರಳು ಚಾಚಿಲ್ಲ, ನೀರಿನ ಕಡೆಗೂ ಇಲ್ಲ. ಮತ್ತೆ ಸಣ್ಣದೊಂದು ಲಕ್ವಾ ಆಗಿರಬಹುದು, ಹಾಗೆ ಗೊತ್ತಾಗದಂತೆ ಆಗುವುದುಂಟು ಎನ್ನುತ್ತಾರೆ ಯಾದಗಿರಿಯ ಡಾಕ್ಟರು. ಯಾವತ್ತು ಆಗಿರಬಹುದು ಎಂದು ಕೇಳಿದೆ. ಹೇಳಲು ಬರುವುದಿಲ್ಲ ಎಂದರು.

ನನಗೆ ಈಗ ಬೇಕಾಗಿರುವುದು ಒಂದೇ ಒಂದು ವಿವರ. ನಾನು ಆ ಮಾತು ಆಡುವಾಗ ಎಂಜಿನ್ ನಡೆಯುತ್ತಿತ್ತೋ, ನಿಂತಿತ್ತೋ. ನಡೆಯುತ್ತಿದ್ದರೆ ಆ ಸದ್ದಿನಲ್ಲಿ ಸೀಟಿನವರೆಗೆ ಮಾತು ಮುಟ್ಟಿರಲಾರದು. ನನ್ನ ನೆನಪಿನಲ್ಲಿ ಅದು ಕೆಲವು ದಿನ ನಡೆಯುತ್ತಿರುತ್ತದೆ, ಕೆಲವು ದಿನ ನಿಂತಿರುತ್ತದೆ. ಮಿಸ್ತ್ರಿಯನ್ನು ಕೇಳಿದೆ. ಪೆಟ್ರೋಲು ಯಾಕೆ ಸುಡುವುದು ಎಂದು ಅದಕ್ಕೆ ಮೊದಲೇ ಕೀಲಿ ತಿರುವಿ ಎಂಜಿನ್ ಬಂದ್ ಮಾಡಿದ್ದೆ ಎಂದ. ಆಮೇಲೆ, ಇಲ್ಲ, ನೀವು ಮಾತಾಡಿದ ಮೇಲೆ ಇರಬೇಕು ಎಂದ. ಕೊನೆಗೆ ವೈನಿಯನ್ನು ಕೇಳಿದೆ. ಅವಳು ಅಣ್ಣನ ಬಾಯಿ ಒರೆಸುತ್ತಿದ್ದಳು.

"ಚಾಲೂನ ಇತ್ತಲ್ಲ," ಎಂದಳು. "ಅದರ ಸಪ್ಪಳದಾಗ ನನಗ ಕೇಳಸಂಗಿಲ್ಲಂತ, ನೀ ಒದರಿ ಹೇಳಿದಿ."